ಜಾವಾ 8ರಿಂದ 21ಕ್ಕೆ ಒಂದೇ ನೆಗೆತ: ನನ್ನ ಅನುಭವ

ಜಾವಾ ಎನ್ನುವ ಪ್ರೋಗ್ರಾಮಿಂಗ್ ಭಾಷೆಯ 8ನೇ ಆವೃತ್ತಿಯಲ್ಲಿ ಓಡುತ್ತಿದ್ದ ನಮ್ಮ ಸಾಫ್ಟ್‌ವೇರನ್ನು ನೇರವಾಗಿ 21ಕ್ಕೆ ತಂದು ವರ್ಷದ ಮೇಲಾಯಿತು. ನಡುವೆ 11ರಲ್ಲೂ ನಿಲ್ಲಲಿಲ್ಲ, 17ರಲ್ಲೂ ನಿಲ್ಲಲಿಲ್ಲ. ಶುರು ಮಾಡಿದಾಗ ಇದು ಆಗುವ ಮಾತಲ್ಲ ಅಂದವರೇ ಜಾಸ್ತಿ. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಮಾವೆನ್, ಜೆಡೆಪ್ಸ್ ಥರದ ಜಾವಾ ಸಾಧನಗಳು, ಜಿಸಿ (ಬಳಸಿ ಬಿಟ್ಟ ಮೆಮೊರಿಯನ್ನು ತೆರವು ಮಾಡುವ ಕೆಲಸ) ಲಾಗ್ ಎಲ್ಲ ನಿಮಗೆ ಸ್ವಲ್ಪ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಸೌಹಾರ್ದ ಸಹಕಾರಿ ಸಂಘಗಳಿಗೆ ಬೇಕಾದ ಲೆಕ್ಕದ ಸಾಫ್ಟ್‌ವೇರ್ ನಮ್ಮದು. ಪಿಗ್ಮಿ, ಠೇವಣಿ, ಚಿನ್ನದ ಸಾಲ, ಬೆಳೆ ಸಾಲ, ರಾತ್ರಿಯ ಡೇ ಎಂಡ್ (ದಿನದ ಲೆಕ್ಕ ಮುಗಿಸುವ ಕೆಲಸ), ಎಲ್ಲ ಇದರಲ್ಲೇ. ಸುಮಾರು ಎರಡೂವರೆ ಲಕ್ಷ ಸಾಲು ಕೋಡ್. ಜಾವಾ 8 ಬಂದಿದ್ದು 2014ರ ಮಾರ್ಚಿನಲ್ಲಿ, ನಾವು ಶುರು ಮಾಡಿದ್ದು ಅದರ ಮರುವರ್ಷ. ಆಮೇಲೆ ಸಂಘಗಳು ಸೇರುತ್ತಾ ಹೋದವು, ಜಾವಾ ಮಾತ್ರ ಅಲ್ಲೇ ಉಳಿಯಿತು. ಜಾವಾ ಕೊಡುವ ಒರಾಕಲ್ ಕಂಪನಿ 2019ರ ಜನವರಿಯ ನಂತರ ಜಾವಾ 8ಕ್ಕೆ ವ್ಯಾಪಾರದ ಬಳಕೆಗೆ ಪುಕ್ಕಟೆ ಅಪ್‌ಡೇಟ್ ನಿಲ್ಲಿಸಿತು. 2023ರ ಜನವರಿಯಲ್ಲಿ ಸಂಸ್ಥೆಯ ಒಟ್ಟು ಉದ್ಯೋಗಿಗಳ ತಲೆಯೆಣಿಕೆ ಮೇಲೆ ಚಂದಾ ಇಟ್ಟಿತು. ಟೆಮುರಿನ್‌ನಂಥ ಓಪನ್‌ಜೆಡಿಕೆ ಬಿಲ್ಡ್ (ಜಾವಾದ ಮುಕ್ತ ಆವೃತ್ತಿ) ಪುಕ್ಕಟೆ ಸಿಗುತ್ತದೆ, ಹಾಗಾಗಿ ಲೈಸೆನ್ಸಿನ ಚಿಂತೆ ನಮಗಿರಲಿಲ್ಲ. ಆದರೆ ಸಂಘಗಳ ಆಡಿಟ್‌ನಲ್ಲಿ "ಇಷ್ಟು ಹಳೆ ಜಾವಾ ಯಾಕೆ" ಅನ್ನುವ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು.

ಸಲಹೆಗೆ ಕರೆದಿದ್ದ ಒಂದು ಕಂಪನಿಯವರು ಪೂರ್ತಿ ಹೊಸದಾಗಿ ಬರೆಯೋಣ ಅಂದರು. ಹತ್ತಿರ ಹತ್ತಿರ 20 ಲಕ್ಷದ ಅಂದಾಜು ಕೊಟ್ಟರು. ಇನ್ನೊಬ್ಬರು 8, 11, 17, 21 ಅಂತ ಮೆಟ್ಟಿಲು ಹತ್ತಿ ಅಂದರು. ಪುಸ್ತಕದ ಪ್ರಕಾರ ಅದು ಸರಿ ಇರಬಹುದು. ಆದರೆ ಪ್ರತಿ ಮೆಟ್ಟಿಲಲ್ಲೂ ಎಲ್ಲ ಶಾಖೆಗಳನ್ನು ಮತ್ತೆ ಪರೀಕ್ಷಿಸಬೇಕಲ್ವಾ? ನಮ್ಮಲ್ಲಿ ಖರ್ಚು ಬೀಳುವುದು ಕೋಡ್ ಬದಲಿಸಲು ಅಲ್ಲ, ಪರೀಕ್ಷೆಗೆ. ಮೂರು ಸಲ ಪರೀಕ್ಷೆ ಅಂದರೆ ಮೂರು ಪಟ್ಟು ದುಡ್ಡು.

ನಾನು ಮಾಡಿದ್ದು ಬೇರೆ. ಜಾವಾ 8ರಲ್ಲಿ ಕಂಪೈಲ್ ಆದ ಹಳೆಯ ಜಾರ್ ಫೈಲನ್ನೇ (ಓಡಿಸಲು ಸಿದ್ಧವಾದ ಪ್ರೋಗ್ರಾಂ ಕಟ್ಟು) ಒಂದಕ್ಷರ ಬದಲಿಸದೆ 21ರ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಎಂಜಿನ್) ಮೇಲೆ ಓಡಿಸಿದೆ. ಎಲ್ಲೆಲ್ಲಿ ಬೀಳುತ್ತದೋ ಅಲ್ಲಿ ಮಾತ್ರ ಕೈ ಹಾಕಿದೆ. ಹಾಕಿದ ರಿಪೇರಿ 8ರಲ್ಲೂ ಓಡಬೇಕು, 21ರಲ್ಲೂ ಓಡಬೇಕು. ಅದು ಗಟ್ಟಿಯಾದ ಮೇಲೆ ಕಂಪೈಲರ್ (ಬರೆದ ಕೋಡನ್ನು ಓಡುವ ರೂಪಕ್ಕೆ ತರುವ ಸಾಧನ) ಬದಲು. ಭಾಷೆಯ ಹೊಸ ಸೌಲಭ್ಯಗಳು ಕಟ್ಟಕಡೆಗೆ. ಹೊಸ ಜೆವಿಎಂ ಮತ್ತು ಹೊಸ ಭಾಷೆ, ಎರಡನ್ನೂ ಒಂದೇ ದಿನ ತಂದರೆ ಯಾವುದು ಕೆಡಿಸಿತು ಅಂತ ಗೊತ್ತಾಗುವುದಿಲ್ಲ. ನಾವು ಬಳಸುವ ಸ್ಪ್ರಿಂಗ್ ಎಂಬ ಸಿದ್ಧ ಚೌಕಟ್ಟನ್ನೂ ಇದೇ ಕಾರಣಕ್ಕೆ 5.3ರಲ್ಲೇ ಬಿಟ್ಟೆ. ಸ್ಪ್ರಿಂಗ್ ಬೂಟ್ 3ಕ್ಕೆ ಹೋದರೆ ಕೋಡಿನೊಳಗಿನ ಬಹಳಷ್ಟು ಜಾವ್ಯಾಕ್ಸ್ ಹೆಸರುಗಳು ಜಕಾರ್ತಾ ಆಗಬೇಕು. ಅದು ಬೇರೆಯೇ ಕೆಲಸ.

ಮೊದಲ ಸಲ ಜೆವಿಎಂ ಏಳಲೇ ಇಲ್ಲ. ಜಿಸಿ ಲಾಗಿಗೆ ಹಾಕಿದ್ದ ಹಳೆಯ ಫ್ಲ್ಯಾಗುಗಳು (ಶುರುವಿನಲ್ಲಿ ಕೊಡುವ ಸೂಚನೆಗಳು) 9ರಲ್ಲೇ ಹೋಗಿವೆ. ಜಿಸಿ ಕೆಲಸ ಮಾಡುವ ಸಿಎಂಎಸ್ ಕಲೆಕ್ಟರ್ 14ರಲ್ಲಿ ಹೋಯಿತು. ಮ್ಯಾಕ್ಸ್ ಪರ್ಮ್ ಸೈಜ್ ಫ್ಲ್ಯಾಗನ್ನು 8 ಸುಮ್ನೆ ಎಚ್ಚರಿಕೆ ಕೊಟ್ಟು ಬಿಡುತ್ತಿತ್ತು, 21 ಬಿಡುವುದಿಲ್ಲ. ಫ್ಲ್ಯಾಗುಗಳನ್ನೆಲ್ಲ ಕಿತ್ತು ಹಾಕಿ ಹೀಪ್ (ಪ್ರೋಗ್ರಾಂ ಬಳಸುವ ಮೆಮೊರಿ) ಅಳತೆ ಒಂದನ್ನೇ ಉಳಿಸಿದೆ. ಆವೃತ್ತಿ ನೋಡುವ ಶೆಲ್ ಸ್ಕ್ರಿಪ್ಟ್ 1.8 ಅಂತ ಹುಡುಕುತ್ತಿತ್ತು, ಅದಕ್ಕೆ 21.0 ಅರ್ಥವಾಗಲಿಲ್ಲ. ಜಾಕ್ಸ್‌ಬಿ ಎಂಬ ಎಕ್ಸ್‌ಎಂಎಲ್ ಲೈಬ್ರರಿ 11ರಲ್ಲಿ ಜೆಡಿಕೆಯಿಂದ (ಜಾವಾದ ಮೂಲ ಕಟ್ಟಿನಿಂದ) ಹೊರಗೆ ಹೋಗಿದೆ, ಡಿಪೆಂಡೆನ್ಸಿಯಾಗಿ (ಹೊರಗಿನ ಲೈಬ್ರರಿಯಾಗಿ) ಸೇರಿಸಿದರೆ ಆಯಿತು. ಹಳೆಯ ರಿಪೋರ್ಟ್ ಲೈಬ್ರರಿ ಜಾವಾದ ಒಳಗಿನ ಕ್ಲಾಸುಗಳಿಗೆ ರಿಫ್ಲೆಕ್ಷನ್ ಎನ್ನುವ ಹಿಂಬಾಗಿಲಿನಿಂದ ಕೈ ಹಾಕುತ್ತಿತ್ತು. 17ರಿಂದ ಆ ಬಾಗಿಲು ಗಟ್ಟಿಯಾಗಿ ಮುಚ್ಚಿದೆ. ಆ್ಯಡ್ ಓಪನ್ಸ್ ಫ್ಲ್ಯಾಗ್ ಹಾಕಿ ದಾಟಿದೆ. ಇವೆಲ್ಲ ಒಂದು ವಾರದ ಕೆಲಸ, ಜಾಸ್ತಿ ಹೇಳುವುದಿಲ್ಲ.

ಹೆದರಬೇಕಾದ್ದು ಎರರ್ ಕೊಡದೆ ಉತ್ತರವನ್ನೇ ಬದಲಿಸುವ ಜಾಗಗಳಿಗೆ. ಅದಕ್ಕಾಗಿ ಒಂದೇ ದಿನದ ವ್ಯವಹಾರವನ್ನು ಎರಡು ಜೆವಿಎಂಗಳಲ್ಲೂ ಓಡಿಸಿ, ಹೊರಬಂದ ಫೈಲು, ರಸೀದಿ, ಎಸ್‌ಎಂಎಸ್ ಎಲ್ಲವನ್ನೂ ಬೈಟ್ ಬೈಟ್ ಹೋಲಿಸುವ ವ್ಯವಸ್ಥೆ (ಡಿಫ್) ಮಾಡಿದೆ. ದಿನಾಂಕ, ಸಮಯ, ಕ್ರಮಸಂಖ್ಯೆ ಬೇರೆ ಬಂದೇ ಬರುತ್ತವೆ. ಅವನ್ನು ಹೇಗೆ ಬದಿಗೆ ಸರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಹೊಟ್ಟೆಪಾಡು. ಆದರೆ ಈ ಡಿಫ್ ಇಲ್ಲದೆ ಯಾರೂ ನೆಗೆಯಬೇಡಿ.

ಡಿಫ್ ಹಿಡಿದ ಮೊದಲ ದೊಡ್ಡ ಮೀನು ಹಳೆಯ ಸದಸ್ಯರ ಹೆಸರುಗಳು. 2005ರ ಸುಮಾರಿಗೆ ನುಡಿ ತಂತ್ರಾಂಶದ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಗಳು ಇನ್ನೂ ಕೆಲವು ಸಂಘಗಳಲ್ಲಿವೆ. ಅವನ್ನು ಓದಿ ಯುನಿಕೋಡಿಗೆ ಬದಲಿಸುವ ನಮ್ಮದೇ ಕೋಡ್ ಇದೆ. ಅದು ಫೈಲ್‌ರೀಡರ್‌ಗೆ (ಫೈಲ್ ಓದುವ ಜಾವಾ ಕ್ಲಾಸ್) ಎನ್‌ಕೋಡಿಂಗ್, ಅಂದರೆ ಯಾವ ಬೈಟ್ ಯಾವ ಅಕ್ಷರ ಅನ್ನುವ ಪಟ್ಟಿ, ಹೇಳಿರಲಿಲ್ಲ. ವಿಂಡೋಸ್ ಮೇಲೆ ಜಾವಾ 8 ತಾನಾಗಿಯೇ ವಿಂಡೋಸ್-1252 ಹಿಡಿಯುತ್ತಿತ್ತು, ನುಡಿಯ ಬೈಟುಗಳಿಗೆ ಅದೇ ಬೇಕಾಗಿತ್ತು. 18ರಿಂದ ಜಾವಾದ ಡೀಫಾಲ್ಟ್ ಎಲ್ಲ ಕಡೆ ಯುಟಿಎಫ್-8. ಹಾಗಾಗಿ 127ರ ಮೇಲಿನ ಬೈಟುಗಳೆಲ್ಲ ಪ್ರಶ್ನೆ ಚಿಹ್ನೆಯ ಡೈಮಂಡ್ ಆದವು. ಒತ್ತು, ದೀರ್ಘ ಎಲ್ಲ ಅಲ್ಲೇ ಇರುವುದು. ಎರರ್ ಒಂದೂ ಇಲ್ಲ, ಹೆಸರುಗಳು ಮಾತ್ರ ಹಾಳು.

ರಿಪೇರಿ ಸುಲಭ, ಓದುವಾಗ ಎನ್‌ಕೋಡಿಂಗ್ ಹೆಸರು ಹೇಳಿದರೆ ಸಾಕು. ಒಂದು ಎಚ್ಚರ: ಫೈಲ್‌ರೀಡರ್‌ಗೆ ಎನ್‌ಕೋಡಿಂಗ್ ಕೊಡುವ ಕನ್‌ಸ್ಟ್ರಕ್ಟರ್ ಬಂದಿದ್ದೇ 11ರಲ್ಲಿ. 8ರಲ್ಲೂ ಓಡಬೇಕಾದರೆ ಇನ್‌ಪುಟ್‌ಸ್ಟ್ರೀಮ್‌ರೀಡರ್ ಬಳಸಿ. ಹಳೆಯ ಡೀಫಾಲ್ಟಿಗೆ ವಾಪಸ್ ಹೋಗುವ ಫ್ಲ್ಯಾಗ್ ಕೂಡ ಇದೆ. ನಾನು ಬಳಸಲಿಲ್ಲ. ಯಾಕೆಂದರೆ ಹೊಸ ಡೀಫಾಲ್ಟ್ ಕನ್ನಡಕ್ಕೆ ದೊಡ್ಡ ಉಪಕಾರ. ಹಿಂದೆ ಯಾವುದೋ ಶಾಖೆಯಲ್ಲಿ ಯಾರೋ ಸ್ಟಾರ್ಟಪ್ ಫೈಲಿನಲ್ಲಿ ಯುಟಿಎಫ್-8 ಫ್ಲ್ಯಾಗ್ ಬಿಟ್ಟರೆ ಕನ್ನಡ ರಸೀದಿ ಪೂರ್ತಿ ಪ್ರಶ್ನೆ ಚಿಹ್ನೆಯಾಗಿ ಬರುತ್ತಿತ್ತು. ಆ ದೂರಿನ ಫೋನು ಈಗ ಬರುವುದೇ ಇಲ್ಲ.

ಎರಡನೆಯದು ಬೇಸ್64, ಅಂದರೆ ಬೈಟುಗಳನ್ನು ಮಾಮೂಲಿ ಅಕ್ಷರಗಳಾಗಿ ಬರೆಯುವ ಕ್ರಮ. ಸನ್ ಮಿಸ್ಕ್‌ನ ಹಳೆಯ ಎನ್‌ಕೋಡರ್ 9ರಲ್ಲಿ ಹೋಯಿತು. ಎಲ್ಲರೂ ಜಾವಾ ಯುಟಿಲ್‌ನ ಬೇಸ್64 ಹಾಕಿ ಮುಂದೆ ಹೋಗುತ್ತಾರೆ. ಹಳೆಯದು 76 ಅಕ್ಷರಕ್ಕೊಂದು ಸಾಲು ಮುರಿಯುತ್ತಿತ್ತು, ಹೊಸದು ಮುರಿಯುವುದಿಲ್ಲ. ನಮ್ಮ ಹಣ ವರ್ಗಾವಣೆ ಫೈಲಿನಲ್ಲಿ ಈ ಪಠ್ಯದ ಮೇಲೆಯೇ ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿದ ಗುರುತು) ಹಾಕಿ ಕಳಿಸಬೇಕು. ಸಾಲು ಮುರಿಯುವ ಜಾಗ ಒಂದು ಬದಲಾದರೂ ಆ ಕಡೆಯ ಬ್ಯಾಂಕು ತಿರಸ್ಕರಿಸುತ್ತದೆ. ಮೈಮ್ ಎನ್‌ಕೋಡರ್ ಹಾಕಿದೆ, ಅದು ಸಾಲು ಮುರಿಯುತ್ತದೆ; ಅದಕ್ಕೆ 76 ಮತ್ತು ಬರೀ ನ್ಯೂಲೈನ್ (ಸಾಲು ಮುರಿಯುವ ಅಕ್ಷರ) ಕೊಟ್ಟೆ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಡಿಫ್‌ನಲ್ಲಿ ಒಂದೆರಡು ಫೈಲು ಮಾತ್ರ ಬೇರೆ. ನೋಡಿದರೆ ಮೂಲ ಬೈಟುಗಳ ಉದ್ದ 57ರಿಂದ ಶೇಷವಿಲ್ಲದೆ ಭಾಗವಾದಾಗ ಹಳೆಯ ಎನ್‌ಕೋಡರ್ ಕೊನೆಯಲ್ಲೂ ಒಂದು ನ್ಯೂಲೈನ್ ಹಾಕುತ್ತಿತ್ತು, ಹೊಸದು ಹಾಕುವುದಿಲ್ಲ. ಇದನ್ನು ಎಲ್ಲೂ ಯಾರೂ ನನಗೆ ಹೇಳಿರಲಿಲ್ಲ. ಡಿಫ್ ಇಲ್ಲದಿದ್ದರೆ ತಿಂಗಳಿಗೆ ನಾಲ್ಕಾರು ಪಾವತಿ ಕಾರಣ ಗೊತ್ತಿಲ್ಲದೆ ತಿರಸ್ಕಾರವಾಗುತ್ತಿದ್ದವು.

ಮೂರನೆಯದು ಪಿಗ್ಮಿ ಏಜೆಂಟರ ಚಿಕ್ಕ ಬ್ಲೂಟೂತ್ ಪ್ರಿಂಟರಿನಲ್ಲಿ ಸಿಕ್ಕಿತು. ರಸೀದಿಯಲ್ಲಿ 6:42 ಆದ ಮೇಲೆ ಜಾಗ ಬಿಟ್ಟು ಪಿಎಂ ಬರಬೇಕು. ಜಾಗದ ಬದಲು ಪ್ರಶ್ನೆ ಚಿಹ್ನೆ ಬಂತು. ಸರ್ವರಿನ ಲೊಕೇಲ್ (ದೇಶ, ಭಾಷೆಯ ಸೆಟ್ಟಿಂಗ್) ಅಮೆರಿಕದ್ದೇ ಇತ್ತು. 20ರಿಂದ ಜಾವಾ ಬಳಸುವ ಸಿಎಲ್‌ಡಿಆರ್ ಎಂಬ ಲೊಕೇಲ್ ಮಾಹಿತಿಯಲ್ಲಿ ಆ ಜಾಗ ಮಾಮೂಲಿ ಸ್ಪೇಸ್ ಅಲ್ಲ, ಮುರಿಯದ ಕಿರಿದಾದ ಸ್ಪೇಸ್, ಯು+202ಎಫ್. ಪರದೆ ಮೇಲೆ ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಪ್ರಿಂಟರಿಗೆ ಆ ಅಕ್ಷರ ಗೊತ್ತಿಲ್ಲ. ಇದೇ ಸಮಯವನ್ನು ಮತ್ತೆ ಓದಿಕೊಳ್ಳುವ ಹಳೆಯ ಕೋಡ್ ಇದ್ದರೆ ಅದೂ ಬೀಳುತ್ತದೆ. 9ರಲ್ಲೇ ದಿನಾಂಕ ಮತ್ತು ಸಮಯದ ನಡುವೆ ಒಂದು ಅಲ್ಪವಿರಾಮವೂ ಸೇರಿಕೊಂಡಿತ್ತು. ಕೆಲವರು ಹಳೆಯ ಲೊಕೇಲ್ ಮಾಹಿತಿ ತರುವ ಕಂಪ್ಯಾಟ್ ಫ್ಲ್ಯಾಗ್ ಹಾಕುತ್ತಾರೆ. ಅದು 23ರಲ್ಲಿ ಹೋಗಿದೆ, ನೆಚ್ಚಿಕೊಳ್ಳಬೇಡಿ. ಹೊರಗೆ ಹೋಗುವ ಪ್ರತಿ ದಿನಾಂಕಕ್ಕೂ ಪ್ಯಾಟರ್ನ್ (ಬರೆಯುವ ಮಾದರಿ) ನೀವೇ ಬರೆದು ಕೊಡಿ.

ಇನ್ನೊಂದು ಸಣ್ಣದು. ಡಬಲ್ (ದಶಮಾಂಶವಿರುವ) ಸಂಖ್ಯೆಯನ್ನು ಪಠ್ಯ ಮಾಡುವ ಕ್ರಮ 19ರಲ್ಲಿ ಬದಲಾಗಿದೆ, ಈಗ ಆದಷ್ಟು ಚಿಕ್ಕದಾಗಿ ಬರುತ್ತದೆ. ನಿಖರ ಲೆಕ್ಕಕ್ಕೆ ಬಳಸುವ ಬಿಗ್‌ಡೆಸಿಮಲ್‌ನ ವ್ಯಾಲ್ಯೂಆಫ್‌ಗೆ ಡಬಲ್ ಕೊಟ್ಟರೆ ಅದು ಇದೇ ದಾರಿಯಲ್ಲಿ ಹೋಗುತ್ತದೆ. ನಮ್ಮ ಬಡ್ಡಿ ಲೆಕ್ಕ ಮೊದಲಿನಿಂದಲೂ ಬಿಗ್‌ಡೆಸಿಮಲ್‌ಗೆ ಪಠ್ಯವನ್ನೇ ಕೊಡುತ್ತದೆ, ಹಾಗಾಗಿ ಒಂದು ಪೈಸೆಯೂ ಅಲುಗಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬಡ್ಡಿ ಸೂತ್ರಗಳ ಕಥೆ ಬೇರೆ. ಸಂಘಕ್ಕೊಂದು ನಿಯಮ, ಅವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ಡೇಟಾಬೇಸಿನಲ್ಲಿ ಇಟ್ಟಿದ್ದೆವು, ಜಾವಾ ಜೊತೆ ಬರುತ್ತಿದ್ದ ನ್ಯಾಶಾರ್ನ್ ಎಂಜಿನ್ ಅವನ್ನು ಓಡಿಸುತ್ತಿತ್ತು. 15ರಲ್ಲಿ ನ್ಯಾಶಾರ್ನ್ ತೆಗೆದರು. ಸಲಹೆಯವರು ನೆಗೆತ ಆಗಲ್ಲ ಅಂದಿದ್ದಕ್ಕೆ ಮುಖ್ಯ ಕಾರಣ ಇದೇ. ಆದರೆ ಓಪನ್‌ಜೆಡಿಕೆಯವರೇ ಅದನ್ನು ಬೇರೆ ಲೈಬ್ರರಿಯಾಗಿ ಬಿಟ್ಟಿದ್ದಾರೆ, 11ರಿಂದ ಮೇಲೆ ಓಡುತ್ತದೆ. ಒಂದು ಡಿಪೆಂಡೆನ್ಸಿ ಹಾಕಿದೆ, ನೂರಾರು ಸೂತ್ರ ಹಾಗೇ ಓಡಿದವು.

ಕಂಪೈಲರ್ ಬದಲಿಸಿದ ದಿನ ಬಿದ್ದದ್ದು ಲಾಂಬೋಕ್, ಮಾಮೂಲಿ ಕೋಡನ್ನು ತಾನೇ ಬರೆದುಕೊಡುವ ಲೈಬ್ರರಿ. 21ಕ್ಕೆ ಅದರ 1.18.30 ಅಥವಾ ಮೇಲಿನದು ಬೇಕೇ ಬೇಕು. ಮೇಜರ್ ವರ್ಷನ್ 65 (ಜಾವಾ 21ರ ಗುರುತು) ಗೊತ್ತಿಲ್ಲ ಅಂತ ಬೈಟ್‌ಕೋಡ್ ಓದುವ ಪ್ಲಗಿನ್‌ಗಳೆಲ್ಲ ನಿಂತವು, ಅವನ್ನೂ ಮೇಲೇರಿಸಿದೆ. ಅಲ್ಲಿಂದ ಮುಂದೆ ಖುಷಿಯ ಕೆಲಸ. ಸಾಲದ ವಿಧಗಳನ್ನು ಸೀಲ್ಡ್ ಇಂಟರ್‌ಫೇಸ್ (ಯಾವ ಯಾವ ವಿಧ ಇರಬಹುದು ಅಂತ ಗೊತ್ತುಮಾಡಿಟ್ಟ ಗುಂಪು) ಮತ್ತು ರೆಕಾರ್ಡ್ (ಮಾಹಿತಿ ಇಡುವ ಸರಳ ಕ್ಲಾಸ್) ಮಾಡಿದೆ. ಎಲ್ಲ ಕಡೆ ಸ್ವಿಚ್‌ನಲ್ಲಿ ಪ್ಯಾಟರ್ನ್ ಮ್ಯಾಚಿಂಗ್ (ವಿಧ ನೋಡಿ ದಾರಿ ಆರಿಸುವುದು), ಉಳಿದವಕ್ಕೆಲ್ಲ ಅನ್ನುವ ಡೀಫಾಲ್ಟ್ ಕವಲು ಎಲ್ಲೂ ಇಟ್ಟಿಲ್ಲ. ಮೊನ್ನೆ ಒಂದು ಸಂಘ ಪಿಗ್ಮಿ ಮೇಲಿನ ಸಾಲ ಬೇಕು ಅಂದಿತು. ಹೊಸ ರೆಕಾರ್ಡ್ ಸೇರಿಸಿದ ಕೂಡಲೇ ಹತ್ತು ಹನ್ನೆರಡು ಜಾಗದಲ್ಲಿ ಕಂಪೈಲರ್ ನಿಲ್ಲಿಸಿ ಇದಕ್ಕೇನು ಮಾಡಲಿ ಅಂತ ಕೇಳಿತು. ಹಿಂದೆ ಆ ಜಾಗಗಳನ್ನು ಮಾರ್ಚ್ 31ರ ರಾತ್ರಿ ಗ್ರಾಹಕರು ಹುಡುಕಿ ಕೊಡುತ್ತಿದ್ದರು. ನಲ್ ಪಾಯಿಂಟರ್ ಎರರ್ ಬಂದರೆ ಯಾವ ಹೆಸರು ನಲ್ (ಖಾಲಿ) ಅಂತ ಈಗ ಜೆವಿಎಂ ತಾನೇ ಹೇಳುತ್ತದೆ. ಬೇರೇನೂ ಬೇಡ, ಇದೊಂದಕ್ಕೇ ಮೇಲೆ ಬರಬಹುದು.

ನಡುವೆ ಒಂದು ಪ್ರಯೋಗ ಮಾಡಿದೆ. 9ರಿಂದ ಸ್ಟ್ರಿಂಗ್ (ಪಠ್ಯ) ಒಳಗೆ ಲ್ಯಾಟಿನ್ ಅಕ್ಷರ ಮಾತ್ರ ಇದ್ದರೆ ಅಕ್ಷರಕ್ಕೆ ಒಂದೇ ಬೈಟ್. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸ್ಟ್ರಿಂಗ್ ಎರಡು ಬೈಟಿಗೆ ಹೋಗುತ್ತದೆ. ನಮ್ಮ ಕ್ಯಾಶ್‌ನ (ಮತ್ತೆ ಮತ್ತೆ ಬೇಕಾಗುವ ಮಾಹಿತಿ ಇಟ್ಟುಕೊಳ್ಳುವ ಜಾಗ) ಕೀಗಳಲ್ಲಿ ಖಾತೆ ಸಂಖ್ಯೆಯ ಜೊತೆ ಶಾಖೆಯ ಹೆಸರು ಕನ್ನಡದಲ್ಲಿತ್ತು. ಹೆಸರಿನ ಜಾಗದಲ್ಲಿ ಶಾಖೆಯ ಕೋಡ್ ಇಟ್ಟೆ. ಹೀಪ್ ಡಂಪ್‌ನಲ್ಲಿ (ಮೆಮೊರಿಯ ಪ್ರತಿ) ಕೀಗಳ ತೂಕ ಹೆಚ್ಚುಕಡಿಮೆ ಅರ್ಧವಾಯಿತು. ಪಾಸ್‌ಬುಕ್ ಮುದ್ರಣದಲ್ಲೂ ಒಂದು ವ್ಯತ್ಯಾಸ ಕಂಡೆ. 9ರಿಂದ ಜಾವಾದ ಅಕ್ಷರ ಜೋಡಣೆ ಹಾರ್ಫ್‌ಬಜ್ ಲೈಬ್ರರಿಯದು. ನಮ್ಮ ಫಾಂಟಿನಲ್ಲಿ ಅರ್ಕಾವತ್ತು ಈಗ ತನ್ನ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಸಾಲಿನ ಅಗಲ ಕೂದಲೆಳೆಯಷ್ಟು ಬದಲಾಗಿ ಕೆಲವು ಹೆಸರು ಎರಡನೇ ಸಾಲಿಗೆ ಬಿದ್ದವು. ಕಾಲಂ ಅಗಲ ಮಾಡಬೇಕಾಯಿತು.

ವರ್ಚುವಲ್ ಥ್ರೆಡ್ (ಸಾವಿರಾರು ಕೆಲಸ ಒಟ್ಟಿಗೆ ನಡೆಸಲು ಜಾವಾ ಕೊಡುವ ಹಗುರ ಎಳೆ) ಬಗ್ಗೆ ಎಲ್ಲರೂ ಕೇಳುತ್ತಾರೆ. ಎಸ್‌ಎಂಎಸ್ ಕಳಿಸುವ ಭಾಗಕ್ಕೆ ಮಾತ್ರ ಹಾಕಿದ್ದೇನೆ. ಸಂಜೆ ಪಿಗ್ಮಿ ಮುಗಿದಾಗ ಸಾವಿರಾರು ಸಂದೇಶ ಒಟ್ಟಿಗೆ ಹೋಗಬೇಕು, ಪ್ರತಿಯೊಂದೂ ಆ ಕಡೆಯ ಉತ್ತರಕ್ಕೆ ಕಾಯುತ್ತದೆ. 200 ಥ್ರೆಡ್‌ನ ಪೂಲ್ ಇದ್ದಾಗ 40 ನಿಮಿಷದ ಹತ್ತಿರ ಹಿಡಿಯುತ್ತಿತ್ತು, ಈಗ ಐದಾರು ನಿಮಿಷ. ಆದರೆ ಮೊದಲು ಹಾಕಿದಾಗ ವೇಗ ಏನೂ ಬರಲಿಲ್ಲ. ಹಳೆಯ ಎಚ್‌ಟಿಟಿಪಿ ಲೈಬ್ರರಿ ಸಿಂಕ್ರೊನೈಸ್ಡ್ (ಒಮ್ಮೆಗೆ ಒಂದೇ ಥ್ರೆಡ್ ಹೋಗಬಹುದಾದ) ಭಾಗದ ಒಳಗೇ ನೆಟ್‌ವರ್ಕ್‌ಗೆ ಕಾಯುತ್ತಿತ್ತು. 21ರಲ್ಲಿ ಹಾಗಾದರೆ ಕೆಳಗಿನ ನಿಜವಾದ ಥ್ರೆಡ್ಡೂ ಕಟ್ಟಿಬೀಳುತ್ತದೆ. ಟ್ರೇಸ್ ಪಿನ್ಡ್ ಫ್ಲ್ಯಾಗ್ ಹಾಕಿದರೆ ಸಾಲು ಸಮೇತ ತೋರಿಸುತ್ತದೆ. ಜಾವಾದಲ್ಲೇ ಬರುವ ಎಚ್‌ಟಿಟಿಪಿ ಕ್ಲೈಂಟ್ ಹಾಕಿದೆ, ಬಿಚ್ಚಿಕೊಂಡಿತು. ತಕ್ಷಣ ಡೇಟಾಬೇಸಿನ ಕನೆಕ್ಷನ್ ಪೂಲ್ ಖಾಲಿ. ಸೆಮಫೋರ್ (ಒಮ್ಮೆಗೆ ಇಷ್ಟೇ ಅನ್ನುವ ಮಿತಿ) ಇಟ್ಟು ತಡೆದೆ. ಅದರ ಸಂಖ್ಯೆ ಎಷ್ಟು ಅಂತ ಕೇಳಬೇಡಿ, ನಿಮ್ಮ ಲೋಡಿಗೆ ನೀವೇ ಹುಡುಕಿಕೊಳ್ಳಬೇಕು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಇಬ್ಬರು ನಾಲ್ಕೈದು ತಿಂಗಳು ಕೂತೆವು, ಸಂಬಳ ಮತ್ತು ಪರೀಕ್ಷೆಯ ಸರ್ವರ್ ಸೇರಿ 6 ಲಕ್ಷದ ಒಳಗೆ. ಕ್ಲೌಡ್ ಬಿಲ್ ತಿಂಗಳಿಗೆ 90 ಸಾವಿರದ ಆಸುಪಾಸು ಇತ್ತು, ಈಗ 55ರಿಂದ 60 ಸಾವಿರ. 16 ಜಿಬಿ ಯಂತ್ರಗಳು ಇದ್ದ ಕಡೆ 8 ಜಿಬಿ ಸಾಕಾಗುತ್ತಿದೆ. ಡೇ ಎಂಡ್ ಹೊತ್ತಿನಲ್ಲಿ ಜಿಸಿ ಎರಡು ಮೂರು ಸೆಕೆಂಡ್ ನಿಲ್ಲಿಸುತ್ತಿತ್ತು, ಜಿ1 ಕಲೆಕ್ಟರ್ ಬಂದ ಮೇಲೆ ಅದು ಯಾರ ಕಣ್ಣಿಗೂ ಬೀಳುತ್ತಿಲ್ಲ. ಹಾಕಿದ ದುಡ್ಡು ಒಂದೂವರೆ ವರ್ಷದಲ್ಲಿ ವಾಪಸ್ ಬರುತ್ತದೆ. 20 ಲಕ್ಷದ ಹೊಸ ಸಾಫ್ಟ್‌ವೇರ್ ಇಷ್ಟು ಹೊತ್ತಿಗೆ ಅರ್ಧವೂ ಆಗಿರುತ್ತಿರಲಿಲ್ಲ.

ಈಗ 25ರ ಪರೀಕ್ಷೆ ನಡೆದಿದೆ. ಅದು ಬಂದಿದ್ದು 2025ರ ಸೆಪ್ಟೆಂಬರಿನಲ್ಲಿ, 21ರ ನಂತರದ ದೀರ್ಘ ಬೆಂಬಲದ ಆವೃತ್ತಿ ಅದೇ. ಸಿಂಕ್ರೊನೈಸ್ಡ್ ತೊಂದರೆಯನ್ನು 24ರಲ್ಲೇ ಸರಿಪಡಿಸಿದ್ದಾರೆ, ಹಾಗಾಗಿ ಡೇ ಎಂಡ್‌ಗೂ ವರ್ಚುವಲ್ ಥ್ರೆಡ್ ಹಾಕಿ ನೋಡುವ ಆಸೆ ಇದೆ. ಕ್ರಮ ಅದೇ: ಹಳೆ ಜಾರ್, ಹೊಸ ಜೆವಿಎಂ, ಡಿಫ್. ಇಲ್ಲಿಯವರೆಗೆ ಡಿಫ್‌ನಲ್ಲಿ ಏನೂ ಬಂದಿಲ್ಲ. ಹಳೆಯ ಒಂದು ಕ್ಯಾಶ್ ಲೈಬ್ರರಿ ಅನ್‌ಸೇಫ್ (ಜಾವಾದ ಒಳಗಿನ ಅಪಾಯದ ಕ್ಲಾಸ್) ಬಳಸುತ್ತದೆ ಅಂತ ಎಚ್ಚರಿಕೆ ಮಾತ್ರ ಬರುತ್ತಿದೆ. ಆ ಲೈಬ್ರರಿ ತೆಗೆದ ಮೇಲೆ ಒಂದು ಚಿಕ್ಕ ಸಂಘದಲ್ಲಿ ಮೊದಲು ಹಾಕುತ್ತೇವೆ.