ಬಿ.ಎ. ಮಕ್ಕಳ ಬಜರ್ ಕ್ವಿಜ್ ಮೂರನೇ ಸಲಕ್ಕೆ ಕೈಹಿಡಿಯಿತು

"ಮೇಡಂ, ಬಿ.ಎ. ಮಕ್ಕಳು ಬಜರ್ ಮುಟ್ಟಲ್ಲ. ಸುಮ್ನೆ ಸ್ಲೈಡ್ ಹಾಕಿ, ನಾಲ್ಕು ಫೋಟೊ ತೋರ್ಸಿ, ಸಮೋಸ ಕೊಟ್ಟು ಕಳ್ಸಿ." ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಕ್ವಿಜ್ ಆಡುತ್ತ, ಆಡಿಸುತ್ತ ಬಂದ ಗೆಳೆಯರೊಬ್ಬರು ನನಗೆ ಹೇಳಿದ ಮಾತಿದು. ನಮ್ಮ ಕಾಲೇಜಿನ ವಿಭಾಗದಲ್ಲೂ ಹೆಚ್ಚು ಕಡಿಮೆ ಇದೇ ಅಭಿಪ್ರಾಯವಿತ್ತು. ಕಳೆದ ಜನವರಿಯಲ್ಲಿ ನಾವು ಮೂರನೇ ಸಲ ನಡೆಸಿದ ಅಂತರಕಾಲೇಜು ಕ್ವಿಜ್‌ಗೆ ಹನ್ನೆರಡು ತಂಡಗಳು ಬಂದವು. ಇತಿಹಾಸ, ಸಾಹಿತ್ಯ, ಕಲೆ, ತತ್ವಶಾಸ್ತ್ರದ ಮೇಲೆ ಪೂರ್ತಿ ಕನ್ನಡದಲ್ಲಿ ಇಪ್ಪತ್ತೊಂದು ಪಂದ್ಯ ನಡೆದವು. ಸಂಜೆ ಐದೂವರೆಯ ಫೈನಲ್‌ಗೆ ಸೋತ ತಂಡಗಳೂ ಕೂತಿದ್ದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಲೈಡ್ ಕ್ವಿಜ್ ಮೇಲೆ ನನಗೆ ತಕರಾರಿಲ್ಲ. 1983ರಿಂದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇರುವ ಊರು ಇದು, ಉತ್ತರ ಬಾರದ ಪ್ರಶ್ನೆ ಪಕ್ಕದ ತಂಡಕ್ಕೆ ದಾಟುವ ಬೌನ್ಸು, ಸರದಿಗೆ ಮುಂಚೆಯೇ ಉತ್ತರ ಬರೆದುಕೊಡುವ ಪೌನ್ಸು ಎಲ್ಲ ನಾನೂ ಆಡಿದವಳೇ. ಆದರೆ ಆ ಪದ್ಧತಿಯಲ್ಲಿ ಮೂವತ್ತು ತಂಡ ಪ್ರಿಲಿಮ್ಸ್ ಬರೆದರೆ ವೇದಿಕೆ ಹತ್ತುವುದು ಆರು. ಉಳಿದವರು ಸಭಿಕರಾಗುತ್ತಾರೆ, ಕಾಫಿ ಆದ ಮೇಲೆ ಬಸ್ಸು ಹಿಡಿಯುತ್ತಾರೆ. ನಮ್ಮ ಮೊದಲನೇ ಸಲ ಆದದ್ದೂ ಇದೇ. ಬಂದದ್ದು ಏಳೇ ತಂಡ, ಮೊದಲ ಎರಡು ಬಹುಮಾನ ಎಂಜಿನಿಯರಿಂಗ್ ಕಾಲೇಜುಗಳ ಪಾಲು. ನಮ್ಮ ಇತಿಹಾಸದ ಮಕ್ಕಳಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಅಲ್ಲಿ ಬೇಕಾದದ್ದು ಸುಳಿವು ಸುಳಿವು ಜೋಡಿಸಿ ಊಹಿಸುವ ಚಳಕ, ಅದು ಅವರಿಗೆ ರೂಢಿಯಿರಲಿಲ್ಲ.

ಹಾಗಾಗಿ ಎರಡನೇ ಸಲ ಅಮೆರಿಕದ ಕಾಲೇಜುಗಳ ಕ್ವಿಜ್ ಬೌಲ್ ಪದ್ಧತಿಗೆ ಕೈಹಾಕಿದೆ. ಅದು ಹೀಗೆ: ಎರಡು ತಂಡ ಎದುರುಬದುರು, ತಲಾ ನಾಲ್ವರು, ಇಪ್ಪತ್ತು ಟಾಸ್ ಅಪ್, ಅಂದರೆ ಎರಡೂ ತಂಡಕ್ಕೆ ಒಟ್ಟಿಗೆ ಕೇಳುವ ಪ್ರಶ್ನೆ. ಒಂದೊಂದೂ ನಾಲ್ಕೈದು ಸಾಲು, ಕಷ್ಟದ ಸುಳಿವು ಮೇಲೆ, ಸುಲಭದ್ದು ಕೆಳಗೆ. ಓದುತ್ತಿರುವಾಗಲೇ ಯಾರು ಬೇಕಾದರೂ ಬಜರ್ ಒತ್ತಬಹುದು, ಒತ್ತಿದವರೇ ಹೇಳಬೇಕು. ಸರಿಯಾದರೆ 10, ಪ್ರಶ್ನೆಯ ನಡುವೆ ಹಾಕಿಟ್ಟ ಗುರುತು ಬರುವ ಮುಂಚೆಯೇ ಒತ್ತಿ ಹೇಳಿದರೆ 15, ನಡುವೆ ಒತ್ತಿ ತಪ್ಪಿದರೆ 5 ಕಳೆತ. ಸರಿಯುತ್ತರ ಕೊಟ್ಟ ತಂಡಕ್ಕೆ ಮೂರು ಭಾಗದ ಬೋನಸ್, ಒಟ್ಟು 30. ಅಲ್ಲಿ ಮಾತ್ರ ನಾಲ್ವರೂ ಮಾತಾಡಿಕೊಳ್ಳಬಹುದು.

ಪದ್ಧತಿಯನ್ನೇನೋ ತಂದೆ, ಆದರೆ ಪ್ರಶ್ನೆ ಬರೆಯಲು ಬರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೇಲೆ ಒಂದು ಪ್ರಶ್ನೆ ಮಾಡಿದ್ದೆ. ಮೊದಲ ಸಾಲಿನಲ್ಲೇ ತಾಳೆಗರಿ ಹಸ್ತಪ್ರತಿ, ಮೈಸೂರಿನ ಗ್ರಂಥಾಲಯ, 1905 ಎಂದು ಬರೆದುಬಿಟ್ಟಿದ್ದೆ. ಬೇರೆ ಊರಿನವರಿಗೆ ಅದು ಕಷ್ಟದ ಸುಳಿವಿರಬಹುದು. ನಮ್ಮಲ್ಲಿ ಆ ಹಸ್ತಪ್ರತಿಯನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳ ಹೆಸರು ಸ್ಪರ್ಧಾತ್ಮಕ ಪರೀಕ್ಷೆಯ ಎಲ್ಲ ಗೈಡಿನಲ್ಲೂ ಇದೆ. "ತಾಳೆಗರಿ" ಅನ್ನುವಷ್ಟರಲ್ಲಿ ಎರಡೂ ತಂಡ ಒತ್ತಿದವು, ಬೆರಳು ಚುರುಕಿದ್ದವರು ಗೆದ್ದರು. ಮೂರನೇ ಸಲ ಅದೇ ಉತ್ತರಕ್ಕೆ ಹೊಸದಾಗಿ ಬರೆದೆ. ಮೊದಲ ಸಾಲು: ನೂಲುವ ಕೆಲಸದ ಅಧಿಕಾರಿ ವಿಧವೆಯರಿಗೂ ಅಂಗವಿಕಲ ಹೆಂಗಸರಿಗೂ ನೂಲು ತೆಗೆಯುವ ಕೆಲಸ ಕೊಡಬೇಕೆಂದು ಇದು ಹೇಳುತ್ತದೆ. ಎರಡನೆಯದು: ಇದರಲ್ಲಿ ಹದಿನೈದು ಅಧಿಕರಣಗಳಿವೆ. ಮೂರನೆಯದರಲ್ಲಿ 1909ರ ಮುದ್ರಣ, 1915ರ ಇಂಗ್ಲಿಷ್ ಅನುವಾದ. ಮೈಸೂರು ನಾಲ್ಕನೆಯದರಲ್ಲಿ, ಕೌಟಿಲ್ಯ ಕಟ್ಟಕಡೆಗೆ. ನಗರದ ಹೊರವಲಯದ ಸರ್ಕಾರಿ ಕಾಲೇಜಿನ ಹುಡುಗಿಯೊಬ್ಬಳು "ವಿಧವೆಯರಿಗೂ" ಅನ್ನುವಲ್ಲೇ ಒತ್ತಿದಳು. ಆಮೇಲೆ ವಿಚಾರಿಸಿದೆ. ಅವಳು ಕನ್ನಡ ಅನುವಾದವನ್ನೇ ಓದಿದ್ದಳು, ಗೈಡನ್ನಲ್ಲ. ನನಗೆ ಬೇಕಿದ್ದದ್ದು ಇಷ್ಟೇ, ಪುಸ್ತಕ ಓದಿದವರು ಪುಸ್ತಕದ ಬಗ್ಗೆ ಓದಿದವರಿಗಿಂತ ಮೊದಲು ಒತ್ತಬೇಕು.

ಕನ್ನಡದಲ್ಲಿ ಇಂಥ ಪ್ರಶ್ನೆ ಬರೆಯುವವರಿಗೆ ಇನ್ನೊಂದು ತಾಪತ್ರಯವಿದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಬರೆದು ಬರೆದು ಕಂಡುಕೊಂಡೆ. ನಮ್ಮ ಕ್ರಿಯಾಪದವೇ ಉತ್ತರ ಬಿಟ್ಟುಕೊಡುತ್ತದೆ. "ಹನ್ನೆರಡನೇ ಶತಮಾನ" ಆದ ಮೇಲೆ "ಹೇಳಿದಳು" ಎಂದರೆ ಅರ್ಧ ತಂಡಗಳು ಅಕ್ಕಮಹಾದೇವಿ ಎಂದು ಒತ್ತುತ್ತವೆ. ನನ್ನ ಉತ್ತರ ಇನ್ನೊಬ್ಬ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಆಗಿರುತ್ತಿತ್ತು. "ಇವನು" ಎಂದರೆ ರಾಜನೋ ಹಳಗನ್ನಡದ ಕವಿಯೋ ಇರಬೇಕು, "ಇವರು" ಎಂದರೆ ಹೊಸಗಾಲದವರು. ಪಂಪ ಬರೆದನು, ಕುವೆಂಪು ಬರೆದರು. ನಾವು ಕೊಡುವ ಗೌರವವೇ ಕಾಲವನ್ನು ಹೇಳಿಬಿಡುತ್ತದೆ! ಎಲ್ಲರಿಗೂ "ಇವರು" ಹಾಕಿ ನೋಡಿದೆ. ಇಮ್ಮಡಿ ಪುಲಿಕೇಶಿಯ ಪ್ರಶ್ನೆಯಲ್ಲಿ "ಇವರು ಹರ್ಷನನ್ನು ತಡೆದರು" ಎಂದು ಓದಿದಾಗ ಮಕ್ಕಳು ಗಲಿಬಿಲಿಯಾಗಿ ಯಾವುದೋ ಆಧುನಿಕ ಹೋರಾಟಗಾರರನ್ನು ಹುಡುಕತೊಡಗಿದರು. ಕೊನೆಗೆ ಕೈಹಿಡಿದದ್ದು "ದ್ದು" ಪ್ರತ್ಯಯ. ಹರ್ಷನನ್ನು ನರ್ಮದೆಯ ಬಳಿ ತಡೆದದ್ದು, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೊಗಳಿದ್ದು, ಯಾರು? ಗಂಡಸೋ ಹೆಂಗಸೋ, ಏಕವಚನವೋ ಬಹುವಚನವೋ, ಯಾವುದೂ ಸೋರುವುದಿಲ್ಲ. ಹೆಚ್ಚಿಗೆ ತಂದ ಅಕ್ಕಿಯನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ಕಳಿಸಿದ್ದು ಎಂದರೆ ಮಾತ್ರ ಲಕ್ಕಮ್ಮ ಸಿಕ್ಕಿಬೀಳುತ್ತಾಳೆ, ಅದಕ್ಕೇ ಅದು ಕೊನೆಯ ಸಾಲು.

ಮೊದಲ ಸಾಲಿನ ಸುಳಿವನ್ನು ಎಲ್ಲಿಂದ ಹೆಕ್ಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲವೂ ಅರ್ಧ ಪ್ರಶ್ನೆ ನಾನೇ ಬರೆಯಬೇಕು, ಇದನ್ನು ಓದುವವರಲ್ಲಿ ಎದುರಾಳಿ ತಂಡಗಳ ಮೇಷ್ಟ್ರುಗಳೂ ಇದ್ದಾರೆ.

ಎರಡನೇ ಸಲದ ದೊಡ್ಡ ಪೆಟ್ಟು ಒಂದೇ ಪದದಿಂದ ಬಿತ್ತು, "ಮೊದಲ". "ಕನ್ನಡದ ಮೊದಲ ಶಾಸನ" ಎಂದು ಪ್ರಶ್ನೆ ಶುರುವಾಗಿತ್ತು, ಮುಂದಿನ ಸಾಲಿನಲ್ಲಿ ಬೇಲೂರು ತಾಲ್ಲೂಕು ಬರಬೇಕು, ಉತ್ತರ ಹಲ್ಮಿಡಿ. ಅಷ್ಟರಲ್ಲಿ ಒಬ್ಬ ಹುಡುಗ ಒತ್ತಿ "ತಾಳಗುಂದ" ಎಂದ. ನಾವು 5 ಕಳೆದೆವು. ಅವನು ಎದ್ದು ನಿಂತು, ಪ್ರಣವೇಶ್ವರ ದೇವಸ್ಥಾನದ ಹತ್ತಿರ ಸಿಕ್ಕ ಸಿಂಹಕಟಾಂಜನ ಶಾಸನ ಸುಮಾರು 370ರದ್ದು, ಹಲ್ಮಿಡಿಯದು ಸುಮಾರು 450ರದ್ದು, ಯಾವುದು ಮೊದಲು ಹೇಳಿ ಎಂದು ಕೇಳಿದ. ಹುಡುಗ ಹೇಳಿದ್ದು ಸರಿ. ಇಪ್ಪತ್ತು ನಿಮಿಷ ಪಂದ್ಯ ನಿಂತಿತು. ನಾನು ಅಂಕ ವಾಪಸ್ ಕೊಡದೆ ಹಟ ಹಿಡಿದೆ, ಅವರ ತಂಡ ಹತ್ತು ಅಂಕದಲ್ಲಿ ಸೋತಿತು. ಮರುವಾರ ಅವರ ಕಾಲೇಜಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಈಗ ನಮ್ಮ ಪ್ರಶ್ನೆಗಳಲ್ಲಿ "ಮೊದಲ", "ಅತಿ ದೊಡ್ಡ", "ಏಕೈಕ" ಎಂಬ ಮೂರು ಪದಗಳಿಗೆ ಪ್ರವೇಶವಿಲ್ಲ. ಅದೇ ಪ್ರಶ್ನೆ ಈಗ ಹೀಗಿದೆ: 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಕದಂಬ ಕಾಕುಸ್ಥನ ಹೆಸರಿರುವ ಶಾಸನ ಯಾವ ಊರಿನದು? ಇದಕ್ಕೆ ಎರಡನೇ ಉತ್ತರವಿಲ್ಲ.

ಬಜರ್ ವಿಷಯ. ಬಾಡಿಗೆಗೆ ಕೇಳಿದರೆ ದಿನಕ್ಕೆ ನಾಲ್ಕು ಸಾವಿರದ ಮೇಲೆ ಹೇಳಿದರು, ಅದೂ ಒಂದು ಕೋಣೆಗೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆಗೆ ಹೋಗಿ ಗುಂಡಿ, ವೈರು, ದೀಪ, ಯಾವ ಗುಂಡಿ ಮೊದಲು ಒತ್ತಿದರೆಂದು ಕಂಡುಹಿಡಿಯಲು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ತಂದೆವು. 2,800 ಆಯಿತೆಂದು ನೆನಪು. ನಮ್ಮ ಹಳೇ ವಿದ್ಯಾರ್ಥಿಯೊಬ್ಬನ ತಮ್ಮ ಕೂಡಿಸಿಕೊಟ್ಟ. ಮನೆಯ ಮೇಜಿನ ಮೇಲೆ ಚೆನ್ನಾಗಿತ್ತು. ಕಾಲೇಜಿನಲ್ಲಿ ಹದಿನೈದು ಅಡಿ ವೈರು ಎಳೆದ ಕೂಡಲೇ ಯಾರೂ ಮುಟ್ಟದೆ ದೀಪ ಹತ್ತತೊಡಗಿತು, ಫ್ಯಾನಿನ ಸ್ವಿಚ್ ಹಾಕಿದರೂ ಹತ್ತುತ್ತಿತ್ತು. ಆ ದಿನ ಮೇಜಿನ ಗಂಟೆ ಬಾರಿಸಿಕೊಂಡು ಆಡಿದೆವು. ಎರಡು ಗಂಟೆ ಒಟ್ಟಿಗೆ ಬಡಿದರೆ ಯಾವುದು ಮುಂಚೆ ಎಂದು ದೇವರೇ ಹೇಳಬೇಕು, ಆರು ಸಲ ಜಗಳವಾಯಿತು. ಆಮೇಲೆ ಪ್ರತಿ ಗುಂಡಿಗೂ ಒಂದು ರೆಸಿಸ್ಟರ್ ಸೇರಿಸಿ, ಸಾದಾ ವೈರು ಕಿತ್ತು ನೆಟ್‌ವರ್ಕ್ ಕೇಬಲ್ ಹಾಕಿದ ಮೇಲೆ ಹುಚ್ಚು ನಿಂತಿತು. ಈಗ ಮೂರು ಸೆಟ್ ಇದೆ. ಒಬ್ಬರು ಒತ್ತಿದರೆ ಉಳಿದ ಏಳೂ ಬಂದ್ ಆಗುತ್ತವೆ.

ಐದು ಅಂಕ ಕಳೆಯುವ ನಿಯಮದ ಜೊತೆಯೂ ಗುದ್ದಾಡಿದೆ. ಮೊದಮೊದಲು ಹುಡುಗಿಯರ ತಂಡಗಳು ಪ್ರಶ್ನೆ ಪೂರ್ತಿ ಮುಗಿಯುವವರೆಗೂ ಕೈಕಟ್ಟಿ ಕೂರುತ್ತಿದ್ದವು. ತಪ್ಪಾದರೆ ತಂಡಕ್ಕೆ ನಷ್ಟ ಅಂತ ಭಯ. ಮೊದಲ ಹತ್ತು ಪ್ರಶ್ನೆಗೆ ಕಳೆತ ತೆಗೆದೆ. ಹುಡುಗರು ಮೊದಲ ಪದಕ್ಕೇ ಒತ್ತಿ ಬಾಯಿಗೆ ಬಂದ ಹೆಸರು ಹೇಳಿದರು, ಹುಡುಗಿಯರು ಆಗಲೂ ಒತ್ತಲಿಲ್ಲ. ಕಳೆತ ವಾಪಸ್ ತಂದೆ. ಬದಲಿಗೆ ಬುಧವಾರ ನಾಲ್ಕು ಗಂಟೆಗೆ ಅಂಕವೇ ಬರೆಯದ ಅಭ್ಯಾಸ ಪಂದ್ಯ ಶುರು ಮಾಡಿದೆ, ಅಕ್ಕಪಕ್ಕದ ಕಾಲೇಜಿನವರಿಗೂ ಬಾಗಿಲು ತೆರೆದಿತ್ತು. ಎಂಟ್ಹತ್ತು ಬುಧವಾರ ಬೇಕಾಯಿತು. ಎರಡನೇ ಸಲ ಒಂದು ಪಂದ್ಯದಲ್ಲಿ ಕೊನೆಯ ಸಾಲಿಗೆ ಮುಂಚೆ ಉತ್ತರ ಬರುತ್ತಿದ್ದದ್ದು ಒಂದೋ ಎರಡೋ ಪ್ರಶ್ನೆಗೆ. ಮೂರನೇ ಸಲ ಸುಮಾರು ಏಳಕ್ಕೆ ಬಂತು.

ನಡುವೆ ಒಂದೆರಡು ಬೇರೆ ಪ್ರಯೋಗಗಳೂ ನಡೆದವು. ಒಂದು ಶನಿವಾರ ಮಕ್ಕಳನ್ನು ಬೇಗೂರಿಗೆ ಕರೆದುಕೊಂಡು ಹೋಗಿದ್ದೆ. ನಾಗೇಶ್ವರ ದೇವಸ್ಥಾನದಲ್ಲಿ, ಬೆಂಗಳೂರು ಎಂಬ ಹೆಸರಿರುವ ಸುಮಾರು 890ರ ಶಾಸನವಿದೆ. ಕೆಂಪೇಗೌಡರ 1537ಕ್ಕೂ ಆರೂವರೆ ಶತಮಾನ ಹಿಂದಿನದು. ಬೆಂದಕಾಳೂರಿನ ಕಥೆ ಕೇಳಿ ಬೆಳೆದ ಮಕ್ಕಳು ಆ ಕಲ್ಲಿನ ಮುಂದೆ ನಿಂತ ಪರಿ ನೋಡಿ, ಗಂಗರ ಕಾಲದ ಅಕ್ಷರಗಳನ್ನು ಕಾರ್ಡಿನ ಮೇಲೆ ಬರೆದು ಬೋನಸ್ ಮಾಡಿದೆ. ಮೂರು ಅಕ್ಷರ ಓದಿ, ಮೂವತ್ತು ಅಂಕ. ಚೆನ್ನಾಗಿತ್ತು, ಆದರೆ ಒಂದೊಂದು ಬೋನಸ್ಸಿಗೆ ಮೂರು ನಿಮಿಷ ಹಿಡಿಯಿತು. ಪಂದ್ಯದಿಂದ ತೆಗೆದು ಊಟದ ಹೊತ್ತಿನಲ್ಲಿ ಬೇರೆ ಮೇಜಿಗೆ ಹಾಕಿದೆ. ಅನ್ನದ ತಟ್ಟೆ ಹಿಡಿದುಕೊಂಡೇ ಮೂವತ್ತು ನಲವತ್ತು ಜನ ಅಲ್ಲಿ ಮುತ್ತಿಕೊಂಡಿದ್ದರು. ಗಮಕದ ಧ್ವನಿ ಕೇಳಿಸಿ ಛಂದಸ್ಸು ಗುರುತಿಸುವ ಸುತ್ತು ಮಾತ್ರ ಪೂರ್ತಿ ಕೈಕೊಟ್ಟಿತು. ಕೋಣೆಯ ಮಾರ್ದನಿಯಲ್ಲಿ ಭಾಮಿನಿ ಯಾವುದು, ವಾರ್ಧಕ ಯಾವುದು ಎಂದು ನನಗೇ ತಿಳಿಯಲಿಲ್ಲ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಮೊದಲ ಸಲ ಸುಮಾರು 19,000 ಖರ್ಚು, ಅದರಲ್ಲಿ ನಗದು ಬಹುಮಾನವೇ 10,000. ಕಾಲೇಜು ಕೊಟ್ಟದ್ದು 5,000, ಪ್ರವೇಶ ಶುಲ್ಕ ಸಾವಿರದ ಚಿಲ್ಲರೆ, ಹನ್ನೆರಡು ಸಾವಿರಕ್ಕೂ ಹೆಚ್ಚು ನನ್ನ ಕೈಯಿಂದ. ಮನೆಯಲ್ಲಿ ಮಾತು ಕೇಳಬೇಕಾಯಿತು. ಮೂರನೇ ಸಲ ನಗದು ತೆಗೆದು ಪುಸ್ತಕ ಇಟ್ಟೆ. ನಗದಿಲ್ಲದಿದ್ದರೆ ಯಾರೂ ಬರಲ್ಲ ಎಂದರು. ನಗದಿಗಾಗಿಯೇ ಬರುತ್ತಿದ್ದವರು ಬರಲಿಲ್ಲ, ಉಳಿದವರು ಬಂದರು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯವರೊಬ್ಬರು ಮೂರು ಸಾವಿರದಷ್ಟು ಪುಸ್ತಕ ಹಾಗೆಯೇ ಕೊಟ್ಟರು, ಮಿಕ್ಕ ಮೂರು ಸಾವಿರದ್ದು ಕೊಂಡೆ. ಊಟ ಅರವತ್ತೈದು ಎಲೆಗೆ ನಾಲ್ಕು ಸಾವಿರದ ಒಳಗೆ. ಓದುವ ಮೂವರಿಗೆ ತಲಾ ಸಾವಿರ. ಒಂದೊಂದು ಸುತ್ತಿಗೆ ಒಂದೊಂದು ಪ್ರಶ್ನೆ ಕಂತೆ, ಎಂಟು ಕಂತೆಗೆ 160 ಟಾಸ್ ಅಪ್, ಅಷ್ಟೇ ಬೋನಸ್ ಬೇಕು. ಅರ್ಧ ನಾನು ಬರೆದೆ, ಉಳಿದ ಅರ್ಧವನ್ನು ಹಳೇ ವಿದ್ಯಾರ್ಥಿಗಳು ಬರೆದರು, ಅವರಿಗೆ 4,500. ಪ್ರಶ್ನೆ ಬರೆದವರಿಗೆ ಯಾಕೆ ದುಡ್ಡು ಎಂದು ಸಹೋದ್ಯೋಗಿಗಳು ಕೇಳಿದರು. ಪುಕ್ಕಟೆ ಬರೆಸಿದರೆ ಗೈಡಿನಿಂದಲೇ ಬರೆಯುತ್ತಾರೆ, ಎರಡನೇ ಸಲ ನೋಡಿದ್ದೇನೆ. ಎಲ್ಲ ಕಳೆದು ಕೈಯಿಂದ ಹೋದದ್ದು ಸಾವಿರದ ಆಸುಪಾಸು.

ಪ್ರಿಂಟಿಂಗ್ ಬಗ್ಗೆ ಒಂದು ಮಾತು. ಒಬ್ಬರು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ, ಇನ್ನೊಬ್ಬರು ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿದರೆ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಪುಟ ಬರೀ ಚಿತ್ತಾರವಾಗಿ ಬರುತ್ತದೆ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ನಲವತ್ತು ಪ್ರಶ್ನೆ ಮತ್ತೆ ಟೈಪ್ ಮಾಡಿದ್ದೇನೆ. ಎಲ್ಲರಿಂದಲೂ ಮೊದಲೇ ಯೂನಿಕೋಡ್ ತರಿಸಿಕೊಳ್ಳಿ.

ವೇಳಾಪಟ್ಟಿ ಹೀಗಿತ್ತು: ನಾಲ್ಕು ನಾಲ್ಕು ತಂಡದ ಮೂರು ಗುಂಪು, ಪ್ರತಿ ತಂಡಕ್ಕೂ ಮೂರು ಪಂದ್ಯ ಖಾತ್ರಿ, ಮೂರು ಕೋಣೆ, ಪಂದ್ಯಕ್ಕೆ ಮೂವತ್ತೈದು ನಿಮಿಷ. ಮೂರು ಗುಂಪಿನ ಮೊದಲಿಗರು, ಎರಡನೇ ಸ್ಥಾನದವರಲ್ಲಿ ಹೆಚ್ಚು ಅಂಕದವರು, ಈ ನಾಲ್ಕು ಸೆಮಿಗೆ. ಅರ್ಥಶಾಸ್ತ್ರಕ್ಕೆ ಒತ್ತಿದ ಹುಡುಗಿಯ ತಂಡ ಫೈನಲ್‌ನಲ್ಲಿ 20 ಅಂಕದಿಂದ ಸೋತಿತು. ಗೆದ್ದವರೂ ಬಿ.ಎ. ಮಕ್ಕಳೇ. "ಬಜರ್ ಮುಟ್ಟಲ್ಲ" ಎಂದಿದ್ದ ಗೆಳೆಯರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೊರಡುವಾಗ ಬಂದು, "ಪ್ರಶ್ನೆ ಕಂತೆ ಒಂದು ಸೆಟ್ ಕೊಡ್ತೀರಾ ಮೇಡಂ?" ಎಂದರು. ಕೊಟ್ಟೆ, ಸೆಮಿ ಮತ್ತು ಫೈನಲ್ ಕಂತೆ ಬಿಟ್ಟು.

ಮುಂದಿನ ಸಲಕ್ಕೆ ಈಗಲೇ ಹದಿನೆಂಟು ತಂಡ ಕೇಳಿವೆ. ಕೋಣೆ ಸಿಗುತ್ತವೆ, ಬಜರ್ ಇನ್ನೆರಡು ಸೆಟ್ ಮಾಡಿಸಬಹುದು. ಸಿಗದಿರುವುದು ಓದುವವರು. ಒತ್ತಕ್ಷರಕ್ಕೆ ತಡವರಿಸಬಾರದು, ಸುಳಿವಿನ ಮುಂದೆ ಉಸಿರು ಎಳೆದು ಸೂಚನೆ ಕೊಡಬಾರದು, ಗುಂಡಿ ಒತ್ತಿದ ಕ್ಷಣಕ್ಕೆ ಅಕ್ಷರದ ನಡುವೆಯೇ ಬಾಯಿ ಮುಚ್ಚಬೇಕು. ಆ ಹುಡುಗಿ ಈಗ ಎಂ.ಎ. ಓದುತ್ತಿದ್ದಾಳೆ. ಬುಧವಾರ ಬಂದು ಹಳೇ ಕಂತೆಗಳನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಾಳೆ. ಅವಳೊಬ್ಬಳು ತಯಾರಾಗಿದ್ದಾಳೆ, ಇನ್ನೂ ನಾಲ್ವರು ಬೇಕು.