ಮದುವೆ ವಿಡಿಯೊ ಎಡಿಟಿಂಗ್‌ಗೆ ಕಂಪ್ಯೂಟರ್: ದುಡ್ಡು ಎಲ್ಲಿ ಹಾಕಬೇಕು?

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಉಪನಯನ, ಗೃಹಪ್ರವೇಶ, ಮಧ್ಯೆ ಒಂದೆರಡು ಯಕ್ಷಗಾನ. ಹೊಸ ಕಂಪ್ಯೂಟರ್ ಕೊಳ್ಳಲು ಹೋದಾಗ ಅಂಗಡಿಯವರು ‘ಎಡಿಟಿಂಗ್ ಅಂದ್ರೆ ಗ್ರಾಫಿಕ್ಸ್ ಕಾರ್ಡೇ ಸಾರ್’ ಎಂದರು. ನಾನೂ ತಲೆಯಾಡಿಸಿದೆ. ಅರ್ಧ ದುಡ್ಡು ಕಾರ್ಡಿಗೇ ಹೋಯಿತು. ಮನೆಗೆ ತಂದು ಮೊದಲ ಮದುವೆ ಟೈಮ್‌ಲೈನಿಗೆ ಹಾಕಿದರೆ ತಾಳಿ ಕಟ್ಟುವ ದೃಶ್ಯ ನಿಂತು ನಿಂತು ಓಡಿತು. ಗಟ್ಟಿಮೇಳ ಮುಂದೆ, ಮದುಮಗನ ಕೈ ಹಿಂದೆ! ಎಲ್ಲಿ ಎಡವಿದೆ ಎಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಅಂಗಡಿಗೆ ಹೋಗುವ ಮೊದಲು ನಿಮ್ಮ ಕ್ಯಾಮೆರಾ ಎಂಥ ಫೈಲ್ ಕೊಡುತ್ತದೆ ನೋಡಿಕೊಳ್ಳಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ಒಂದು ಕ್ಲಿಪ್ ಓಡಿಸಿ, ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಎಚ್.264 ಇದೆಯಾ, ಎಚ್‌ಇವಿಸಿ ಅಂದರೆ ಎಚ್.265 ಇದೆಯಾ, 4:2:0 ಇದೆಯಾ, 4:2:2 10 ಬಿಟ್ ಇದೆಯಾ, ಎಲ್ಲ ಅಲ್ಲೇ ಕಾಣುತ್ತದೆ. ಮೊದಲ ಎರಡು ವಿಡಿಯೊ ಕುಗ್ಗಿಸುವ ಬಗೆ, ಉಳಿದವು ಬಣ್ಣದ ವಿವರ ಎಷ್ಟು ಉಳಿದಿದೆ ಎನ್ನುವ ಲೆಕ್ಕ; ಸಂಖ್ಯೆ ದೊಡ್ಡದಾದಷ್ಟು ವಿವರ ಹೆಚ್ಚು. ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಈ ಚೀಟಿಯ ಮೇಲೇ ನಿಂತಿದೆ.

ಯಾಕೆ ಅಂದರೆ, ಈ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮೂ ಪೂರ್ತಿ ಇರುವುದಿಲ್ಲ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ, ಏನು ಬದಲಾಯಿತೋ ಅಷ್ಟನ್ನೇ ಬರೆದಿರುತ್ತದೆ. ಇವತ್ತಿನ ಬಾಕಿ ಎಷ್ಟು ಎಂದರೆ ಹಿಂದಿನ ಪುಟಗಳನ್ನು ತಿರುವಿ ಕೂಡಬೇಕು. ನೀವು ಟೈಮ್‌ಲೈನಿನಲ್ಲಿ ಎಲ್ಲಿಗೆ ಹಾರಿದರೂ ಕಂಪ್ಯೂಟರ್ ಈ ಲೆಕ್ಕ ಮಾಡುತ್ತಿರುತ್ತದೆ. ಇದಕ್ಕೇ ಅಂತ ಚಿಪ್‌ನಲ್ಲಿ ಒಂದು ಪುಟ್ಟ ಭಾಗ ಇರುತ್ತದೆ, ಡಿಕೋಡರ್. ನಿಮ್ಮ ಫೈಲ್ ಅದಕ್ಕೆ ಅರ್ಥವಾದರೆ ಬೆಣ್ಣೆಯ ಹಾಗೆ ಓಡುತ್ತದೆ. ಆಗದಿದ್ದರೆ ಪೂರ್ತಿ ಹೊರೆ ಪ್ರೊಸೆಸರ್ ತಲೆಗೆ.

ಎಚ್.264, 8 ಬಿಟ್, 4:2:0, ಫುಲ್ ಎಚ್‌ಡಿ ನಿಮ್ಮದಾದರೆ ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ. ಈಚಿನ ಯಾವ ಆರು ಕೋರ್ ಪ್ರೊಸೆಸರ್ ಆದರೂ ನಡೆಯುತ್ತದೆ. 4ಕೆ ಅಂದರೆ ಚುಕ್ಕಿಗಳು ನಾಲ್ಕು ಪಟ್ಟು, ಸುಮಾರು 20 ಲಕ್ಷದಿಂದ 83 ಲಕ್ಷಕ್ಕೆ ಏರುತ್ತವೆ. ಆದರೂ 4:2:0 ಇರುವ ತನಕ ಭಯವಿಲ್ಲ.

ನನ್ನ ಹೊಸ ಕ್ಯಾಮೆರಾದ್ದು ಎಚ್‌ಇವಿಸಿ, 4:2:2, 10 ಬಿಟ್. ಬಣ್ಣ ತಿದ್ದಲು ಚೆನ್ನ, ಓಡಿಸಲು ಕಷ್ಟ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಒಳಗೇ ಇರುವ ಗ್ರಾಫಿಕ್ಸ್ ಇದನ್ನು ಬಿಡಿಸುತ್ತದೆ. ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಆ ಒಳಗಿನ ಗ್ರಾಫಿಕ್ಸೇ ಇರುವುದಿಲ್ಲ. ನಾನು ತಂದದ್ದು ಅದನ್ನೇ, ಸ್ವಲ್ಪ ಅಗ್ಗ ಅಂತ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ 4:2:2 ಬಿಡಿಸುವ ಡಿಕೋಡರ್ ಬಂದದ್ದು ಜಿಫೋರ್ಸ್ 50 ಸರಣಿಯಲ್ಲಿ. 40 ಸರಣಿಯಲ್ಲಿ ಇಲ್ಲ, ಕಾರ್ಡ್ ಎಷ್ಟೇ ದುಬಾರಿ ಇರಲಿ. ಇನ್ನೊಂದು ಮಾತು: ಕಾರ್ಡ್ ಹಾಕಿದ ಮೇಲೆ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವಾಗಿ ಆಫ್ ಮಾಡಿಬಿಡುತ್ತವೆ. ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ, ಬಯೋಸ್‌ಗೆ ಹೋಗಿ ಮತ್ತೆ ಆನ್ ಮಾಡಬೇಕು.

ಹಾಗಾದರೆ ಕಾರ್ಡ್ ಬೇಡವೇ ಬೇಡವಾ? ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಬಣ್ಣ ತಿದ್ದಲು, ಕತ್ತಲ ದೃಶ್ಯದಲ್ಲಿ ಬರುವ ಕಾಳುಕಾಳು, ಅಂದರೆ ನಾಯ್ಸ್, ತೆಗೆಯಲು ಬೇಕು. ಬರೀ ಕತ್ತರಿಸಿ ಜೋಡಿಸಿ ಹಾಡು ಹಾಕುವವರಿಗೆ ಮಧ್ಯಮ ದರ್ಜೆಯದು ಸಾಕು.

ರ‍್ಯಾಮ್ ಫುಲ್ ಎಚ್‌ಡಿಗೆ 16 ಜಿಬಿ, 4ಕೆಗೆ 32. ಅದನ್ನು ಒಂದೇ ಪಟ್ಟಿಯಲ್ಲಿ ಬೇಡ, ಎರಡರಲ್ಲಿ ಹಂಚಿ ಹಾಕಿಸಿ.

ಡಿಸ್ಕಿನ ಲೆಕ್ಕ ಸ್ವಲ್ಪ ನಿಧಾನವಾಗಿ ಮಾಡೋಣ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ ಅಂದುಕೊಳ್ಳಿ, ಅಂದರೆ 12.5 ಮೆಗಾಬೈಟ್. ಗಂಟೆಗೆ 45 ಜಿಬಿ. ನಮ್ಮ ಕಡೆ ಮದುವೆ ಅಂದರೆ ಎರಡು ಕ್ಯಾಮೆರಾ, ಒಂದೊಂದರಲ್ಲಿ ಐದು ಗಂಟೆ. ಒಂದೇ ದಿನಕ್ಕೆ 450 ಜಿಬಿ! 1 ಟಿಬಿ ಎಸ್‌ಎಸ್‌ಡಿ ಎರಡು ಮದುವೆಗೆ ತುಂಬಿತು, ಅಲ್ವಾ? ಅದಕ್ಕೆ ನಾನು ಮೂರು ಬಗೆಯ ಡಿಸ್ಕ್ ಇಟ್ಟಿದ್ದೇನೆ. ವಿಂಡೋಸ್‌ಗೆ 500 ಜಿಬಿಯ ವೇಗದ ಎಸ್‌ಎಸ್‌ಡಿ, ಅಂದರೆ ಎನ್‌ವಿಎಂಇ. ನಡೆಯುತ್ತಿರುವ ಕೆಲಸಕ್ಕೆ 2 ಟಿಬಿಯ ಇನ್ನೊಂದು. ಮುಗಿದದ್ದನ್ನು ತುಂಬಿಡಲು ಮಾಮೂಲಿ ಹಾರ್ಡ್ ಡಿಸ್ಕ್, ಅದರದ್ದೇ ಇನ್ನೊಂದು ಪ್ರತಿ ಮನೆಯ ಬೀರುವಿನಲ್ಲಿ. ಮದುವೆಯನ್ನು ಎರಡನೇ ಸಲ ಶೂಟ್ ಮಾಡಲು ಆಗುವುದಿಲ್ಲ. ಹಾರ್ಡ್ ಡಿಸ್ಕ್ ಮೇಲೇ ಎಡಿಟ್ ಮಾಡಿದರೆ, ಎರಡು ಕ್ಯಾಮೆರಾ ಒಟ್ಟಿಗೆ ಓಡುವಾಗ ಅದರ ಓದುವ ತಲೆ ಅಲ್ಲಿಗೂ ಇಲ್ಲಿಗೂ ಹಾರಿ ಸುಸ್ತಾಗುತ್ತದೆ.

ಮಲೆನಾಡಿನವರಿಗೆ ಯುಪಿಎಸ್ ಬಗ್ಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಎಕ್ಸ್‌ಪೋರ್ಟ್ 90 ಪರ್ಸೆಂಟ್ ಮುಗಿದಾಗಲೇ ಕರೆಂಟ್ ಹೋಗುವುದು. ಕಾರ್ಡ್ ಇರುವ ಕಂಪ್ಯೂಟರಿಗೆ ಸಣ್ಣ 600 ವಿಎ ಸಾಲುವುದಿಲ್ಲ, 1 ಕೆವಿಎ ತನ್ನಿ. ಎಸ್‌ಎಂಪಿಎಸ್‌ನಲ್ಲೂ ಜಿಪುಣತನ ಬೇಡ, ಒಳಗಿನ ಭಾಗಗಳಿಗೆ ಕರೆಂಟ್ ಹಂಚುವುದು ಅದೇ. ನನ್ನದು 650 ವ್ಯಾಟ್.

ಮಾನಿಟರ್ ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಪ್ಯಾನೆಲ್‌ನದು, ಎಸ್‌ಆರ್‌ಜಿಬಿ 100 ಪರ್ಸೆಂಟ್ ಎಂದು ಬರೆದದ್ದು ಇರಲಿ; ತೋರಿಸಬೇಕಾದ ಬಣ್ಣಗಳ ಮಾಮೂಲಿ ಅಳತೆ ಅದು. ಹಳೆಯ ಮಾನಿಟರ್ ನಂಬಿ ನಾನು ಧಾರೆ ಸೀರೆಯ ಕೆಂಪನ್ನು ‘ಸರಿ’ ಮಾಡಿದ್ದೆ. ಅವರ ಮನೆ ಟಿವಿಯಲ್ಲಿ ಅದು ಕಿತ್ತಳೆ! ಹುಡುಗಿಯ ಅಮ್ಮ ಇನ್ನೂ ಅದನ್ನು ಮರೆತಿಲ್ಲ.

ಈಗಲೇ ದುಡ್ಡಿಲ್ಲ ಅನ್ನುವವರು ಪ್ರಾಕ್ಸಿ ಮಾಡಿಕೊಳ್ಳಿ. ರಾತ್ರಿ ಮಲಗುವಾಗ 720ಪಿ ಸೈಜಿನ ಹಗುರ ಪ್ರತಿಗಳನ್ನು ಮಾಡಲು ಹಾಕಿ. ಬೆಳಿಗ್ಗೆ ಅವುಗಳ ಮೇಲೆ ಎಡಿಟ್ ಮಾಡಿ. ಎಕ್ಸ್‌ಪೋರ್ಟ್‌ಗೆ ಅಸಲಿ ಫೈಲೇ ಹೋಗುತ್ತದೆ. ನಾನು ಆ ಸೀಸನ್ ಪೂರ್ತಿ ದಾಟಿದ್ದು ಹೀಗೇ.

ಕೊಳ್ಳುವುದೇ ಆದರೆ, ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, ನಿಮ್ಮ ಊರಿನ ಅಂಗಡಿಯೇ ಇರಲಿ, ಪೆನ್‌ಡ್ರೈವಿನಲ್ಲಿ ನಿಮ್ಮದೇ ಕ್ಯಾಮೆರಾದ ಎರಡು ಕ್ಲಿಪ್ ಒಯ್ಯಿರಿ. ಜೋಡಿಸಿದ ಮೇಲೆ ಅವುಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ಒಂದರ ಮೇಲೊಂದು ಹಾಕಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಓಡಿಸಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ಎಂಬ ಗೆರೆ ನೋಡಿ. ಅದು ಏರಿದರೆ ಸರಿ. ಅದು ನೆಲ ಹಿಡಿದು ಮಲಗಿ, ಸಿಪಿಯು 100 ಮುಟ್ಟುತ್ತಿದ್ದರೆ ಬೇರೆ ಪ್ರೊಸೆಸರ್ ಕೇಳಿ. ಬಿಲ್ಲಿನಲ್ಲಿ ಮಾಡೆಲ್ ನಂಬರನ್ನು ಕೊನೆಯ ಅಕ್ಷರದ ತನಕ ಬರೆಸಿಕೊಳ್ಳಿ.