ಮೈನಸ್ ಒಂದನ್ನು ಹೊಡೆದುಹಾಕುವ ಮುಂಚೆ

ತಿಪಟೂರಿನ ನಮ್ಮ ಮನೆ ಜಗಲಿಯಲ್ಲಿ ಸಂಜೆ ಆರಕ್ಕೆ ಪಾಠಕ್ಕೆ ಕೂರುವ ಮಕ್ಕಳಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸಿಗೆ ಸೇರಿದವರು. ಎಲ್ಲರದ್ದೂ ಒಂದೇ ದೂರು: "ಸರ್, ಸೂತ್ರ ಬಾಯಿಗೆ ಬರುತ್ತೆ, ಲೆಕ್ಕ ಕೈಗೆ ಬರಲ್ಲ."

ಸೂತ್ರದ ತಂಟೆಗೆ ಹೋಗುವ ಮುಂಚೆ ಮಾತು ಬಿಡಿಸಿಕೊಳ್ಳಿ. ರಾಟೆಯ ಲೆಕ್ಕವೊಂದರಲ್ಲಿ 'ಲೈಟ್ ಸ್ಟ್ರಿಂಗ್' ಅಂತ ಇತ್ತು. ಒಬ್ಬ ಹುಡುಗ ಅದನ್ನು ಗಣಪತಿ ಪೆಂಡಾಲಿನ ದೀಪದ ಸರ ಅಂದುಕೊಂಡು ಹತ್ತು ನಿಮಿಷ ಪೇಚಾಡಿದ. ಅವನನ್ನು ನೋಡಿ ನಗುವುದೇನೂ ಇಲ್ಲ. ಹಗುರ ಹಗ್ಗ ಎಂದರೆ ಹಗ್ಗದ ತೂಕ ಸೊನ್ನೆ. ಬಾವಿ ಹಗ್ಗಕ್ಕೆ ತೂಕ ಉಂಟು, ಲೆಕ್ಕದ ಹಗ್ಗಕ್ಕಿಲ್ಲ. 'ಫ್ರಮ್ ರೆಸ್ಟ್' ಅಂದರೆ ಆರಂಭದ ವೇಗ ಸೊನ್ನೆ. 'ಸ್ಮೂತ್' ಅಂದರೆ ಘರ್ಷಣೆ ಇಲ್ಲ. ಇವು ನೋಡಲು ಬರೀ ಪದಗಳು, ಆದರೆ ಒಂದೊಂದೂ ಒಂದು ಅಂಕಿಯನ್ನು ಬಚ್ಚಿಟ್ಟುಕೊಂಡಿದೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಪಟ್ಟಿ ಮಾಡುತ್ತಾ ಹೋಗಿ. ಇಪ್ಪತ್ತು ಪದ ದಾಟುವುದಿಲ್ಲ.

ಎರಡನೆಯದು, ಗೊತ್ತಿಲ್ಲದ್ದಕ್ಕೆಲ್ಲ ಎಕ್ಸ್ ಅಂತ ಹೆಸರಿಡಬೇಡಿ. ರಫ್ ಹಾಳೆಯಲ್ಲಿ ಕಾಲಕ್ಕೆ 'ಕ', ವೇಗಕ್ಕೆ 'ವ' ಅಂತಲೇ ಬರೆದುಕೊಳ್ಳಿ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಎಕ್ಸ್ ಯಾರು ಅನ್ನುವುದೇ ಮರೆತಿರುತ್ತದೆ.

ಈಗ ಒಂದು ಲೆಕ್ಕ. 25 ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕಿನ ಮೇಲೆ ನಿಂತು ಕಲ್ಲೊಂದನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತೀರಿ. ನೆಲಕ್ಕೆ ಬೀಳಲು ಎಷ್ಟು ಸೆಕೆಂಡು? ಗುರುತ್ವ ವೇಗೋತ್ಕರ್ಷ 10 ಅಂತಿಟ್ಟುಕೊಳ್ಳಿ.

ಹೆಚ್ಚಿನವರು ಇದನ್ನು ಎರಡು ತುಂಡು ಮಾಡುತ್ತಾರೆ. ಮೇಲೆ ಹೋಗಲು 2 ಸೆಕೆಂಡು, ಏರಿದ್ದು 20 ಮೀಟರ್, ಅಲ್ಲಿಂದ 45 ಮೀಟರ್ ಬೀಳಲು 3 ಸೆಕೆಂಡು, ಒಟ್ಟು 5. ತಪ್ಪೇನಿಲ್ಲ, ಮಾರ್ಕ್ಸೂ ಸಿಗುತ್ತದೆ. ಆದರೆ ಒಂದೇ ಏಟಿಗೆ ಮಾಡಿ ನೋಡಿ. ಚಿತ್ರ ಬರೆದು, ಬಾಣ ಹಾಕಿ, ಮೇಲಕ್ಕೆ ಪ್ಲಸ್ ಅಂತ ಗೊತ್ತುಮಾಡಿ. ಹಾಗೆಂದ ಮೇಲೆ ನೆಲ ಎಲ್ಲಿದೆ? ಕೈಗಿಂತ 25 ಮೀಟರ್ ಕೆಳಗೆ. ಅಂದರೆ ಸ್ಥಾನಪಲ್ಲಟ (ಹೊರಟ ಜಾಗದಿಂದ ಯಾವ ಕಡೆಗೆ, ಎಷ್ಟು ದೂರ) −25. ಆರಂಭದ ವೇಗವನ್ನು ಕಾಲದಿಂದ ಗುಣಿಸಿ, ಅದರಿಂದ ಗುರುತ್ವ ವೇಗೋತ್ಕರ್ಷದ ಅರ್ಧ ಗುಣಿಸು ಕಾಲದ ವರ್ಗವನ್ನು ಕಳೆದರೆ ಸಿಗುವುದೂ ಇದೇ:

−25 = 20ಕ − 5ಕ²

ಐದರಿಂದ ಭಾಗಿಸಿ, ಎಲ್ಲವನ್ನೂ ಒಂದೇ ಕಡೆಗೆ ತಂದರೆ

ಕ² − 4ಕ − 5 = 0

ಅಪವರ್ತಿಸಿದರೆ (ಕ − 5)(ಕ + 1) = 0. (ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ ಎನ್ನುವುದನ್ನು ನಮ್ಮ ರಾಜ್ಯದ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.)

ಬಾಣ ಹಾಕದೆ +25 ಬರೆದವರಿಗೆ ಕ² − 4ಕ + 5 = 0 ಬರುತ್ತದೆ. ಶೋಧಕ (ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ b² − 4ac) 16 − 20, ಅಂದರೆ −4. ವಾಸ್ತವ ಮೂಲವೇ ಇಲ್ಲ. ಇಲ್ಲಿ ಹಾಳೆ ಹರಿಯುವವರೇ ಜಾಸ್ತಿ. ಹರಿಯಬೇಡಿ. ನೀವು ಕೇಳಿದ್ದು 'ಕಲ್ಲು ಟ್ಯಾಂಕಿಗಿಂತ 25 ಮೀಟರ್ ಮೇಲಕ್ಕೆ ಯಾವಾಗ ತಲುಪುತ್ತದೆ' ಎಂದು. ಅದು ಏರುವುದೇ 20 ಮೀಟರ್. ಯಾವತ್ತೂ ತಲುಪಲ್ಲ ಅಂತ ಸಮೀಕರಣ ನೇರವಾಗಿಯೇ ಹೇಳಿದೆ.

ಸರಿಯಾದ ಸಮೀಕರಣಕ್ಕೆ ಮೂಲಗಳು 5 ಮತ್ತು −1. 'ಕಾಲ ಋಣಾತ್ಮಕ ಆಗಲಾರದು, ಆದ್ದರಿಂದ ಬಿಡಿ' ಎಂದು ಎಷ್ಟೋ ವರ್ಷ ನಾನೂ ಬೋರ್ಡಿನ ಮೇಲೆ ಗೀಟು ಎಳೆದವನೇ. ಒಂದು ದಿನ ಹಿಂದಿನ ಸಾಲಿನ ಹುಡುಗಿ, "ಬಿಡೋದು ಬಿಡೋಣ ಸರ್, ಅದು ಬಂದಿದ್ದಾದ್ರೂ ಯಾಕೆ?" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ನಾಳೆ ಹೇಳುತ್ತೇನಮ್ಮಾ ಅಂದೆ.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಟ್ಯಾಂಕಿನ ಮೇಲೆ ನಾವು ನಿಂತಿರುವುದು ಸಮೀಕರಣಕ್ಕೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಸೊನ್ನೆ ಹೊತ್ತಿನಲ್ಲಿ ಕಲ್ಲು ಇಲ್ಲಿದೆ, 20ರ ವೇಗದಲ್ಲಿ ಏರುತ್ತಿದೆ, ಸೆಕೆಂಡಿಗೆ 10ರಂತೆ ವೇಗ ಕಳೆದುಕೊಳ್ಳುತ್ತಿದೆ. ಇಂಥ ಕಲ್ಲು ನೆಲದ ಮಟ್ಟದಲ್ಲಿ ಇರುವುದು ಯಾವ್ಯಾವ ಹೊತ್ತಿನಲ್ಲಿ? 5 ಸೆಕೆಂಡಿನ ನಂತರ. ಇಲ್ಲವೇ 1 ಸೆಕೆಂಡಿನ ಹಿಂದೆ. ಒಂದು ಸೆಕೆಂಡು ಹಿಂದೆ ಅದರ ವೇಗ 30 ಇರಬೇಕಿತ್ತು. ಅಂದರೆ ನೆಲದ ಮೇಲೆ ನಿಂತ ಇನ್ನೊಬ್ಬ 30ರ ವೇಗದಲ್ಲಿ ಕಲ್ಲನ್ನು ಮೇಲೆ ಎಸೆದಿದ್ದರೆ, ಒಂದು ಸೆಕೆಂಡಿನಲ್ಲಿ ಅದು 30 − 5 = 25 ಮೀಟರ್ ಏರಿ, ಸರಿಯಾಗಿ 20ರ ವೇಗದಲ್ಲಿ ನಿಮ್ಮ ಕೈ ಪಕ್ಕ ಹಾದುಹೋಗುತ್ತಿತ್ತು. ಆಮೇಲೆ ಎರಡೂ ಕಲ್ಲಿನ ಪಾಡು ಒಂದೇ. ಪರೀಕ್ಷೆಯಲ್ಲಿ 5 ಅಂತಲೇ ಬರೆಯಿರಿ, ಆದರೆ −1ನ್ನು ಮಾತಾಡಿಸಿಯೇ ಹೊಡೆದುಹಾಕಿ.

ಬರೀ ಬೀಜಗಣಿತದಲ್ಲೂ ಇದು ನಡೆಯುತ್ತದೆ. ಬಸ್ಸೊಂದು 180 ಕಿ.ಮೀ. ಹೋಗಬೇಕು. ಮಳೆಗೆ ವೇಗ ಗಂಟೆಗೆ 15 ಕಿ.ಮೀ. ಇಳಿಯಿತು, ಒಂದು ಗಂಟೆ ತಡವಾಯಿತು. ಮಾಮೂಲಿ ವೇಗ ಎಷ್ಟು? 180/(ವ − 15) − 180/ವ = 1 ಎಂದು ಬರೆದು ಬಿಡಿಸಿದರೆ ವ² − 15ವ − 2700 = 0. ಮೂಲಗಳು 60 ಮತ್ತು −45. ಉತ್ತರ 60. ಆ 45 ಏನು? ಮಳೆಯಲ್ಲಿ ಬಸ್ಸು ಹೋದ ವೇಗ! ತಾಳೆ ನೋಡಿ: 60ರಲ್ಲಿ 3 ಗಂಟೆ, 45ರಲ್ಲಿ 4 ಗಂಟೆ.

ಏಕಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್; 5/18ರಿಂದ ಗುಣಿಸಿ ಮೊದಲೇ ಬದಲಾಯಿಸಿಕೊಳ್ಳಿ, ನಡುವೆ ಬೇಡ. ಪೂರ್ತಿ ಸಿಕ್ಕಿಹಾಕಿಕೊಂಡರೆ ಸುಲಭದ ಅಂಕಿ ಹಾಕಿ. ಹೋಗುವಾಗ 60, ಬರುವಾಗ 40, ಸರಾಸರಿ 50 ಅಂತ ನಾಲಿಗೆ ತುದಿಗೆ ಬರುತ್ತದಲ್ಲ? ದೂರ 120 ಕಿ.ಮೀ. ಅಂದುಕೊಳ್ಳಿ. ಹೋಗಲು 2 ಗಂಟೆ, ಬರಲು 3. 240ನ್ನು 5ರಿಂದ ಭಾಗಿಸಿದರೆ 48.

ಇವತ್ತಿನ ಮನೆಗೆಲಸ: ಅದೇ ಟ್ಯಾಂಕು, ಅದೇ 20ರ ವೇಗ, ಆದರೆ ಈ ಸಲ ಕಲ್ಲನ್ನು ನೇರ ಕೆಳಕ್ಕೆ ಎಸೆಯಿರಿ. ಮೂಲಗಳು 1 ಮತ್ತು −5 ಬರುತ್ತವೆ. ಆ −5 ಎಲ್ಲಿಂದ ಬಂತು ಅನ್ನುವುದನ್ನು ಮೊದಲ ಕಲ್ಲಿನ ಚಿತ್ರ ಪಕ್ಕದಲ್ಲಿಟ್ಟುಕೊಂಡು ಬರೆದು ತನ್ನಿ.